ಮೇಲಿನಕ್ಕ ಮತ್ತೆ ಏಣಿ ಹತ್ತಿದ್ದು

ಬಾಯ್ಲರ್ ಕಾರ್ಖಾನೆಯ ದೊಡ್ಡ ಶೆಡ್ಡಿನಲ್ಲಿ ಆಕೆಯ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಆಕೆ ಮೇಲಿನಕ್ಕ. ಶೆಡ್ಡಿನ ಎರಡೂ ಗೋಡೆಗಳ ನೆತ್ತಿಯಲ್ಲಿ ಹಳಿ, ಹಳಿಗಳ ಮೇಲೆ ಅಡ್ಡಲಾಗಿ ಓಡಾಡುವ ಉಕ್ಕಿನ ತೊಲೆ, ತೊಲೆಯ ಕೆಳಗೆ ನೇತುಬಿದ್ದ ಗಾಜಿನ ಗೂಡು. ಆ ಗೂಡಿನಲ್ಲಿ ಕೂತು ಕ್ರೇನ್ ನಡೆಸುವುದು ಆಕೆಯ ಕೆಲಸ. ಕೆಳಗೆ ಬೆಸುಗೆಯ ಕಿಡಿ, ಸುತ್ತಿಗೆಯ ಸದ್ದು, ಬೈಗುಳ, ನಗೆ. ಮೇಲೆ ಆಕೆ ಒಬ್ಬಳೇ, ಎರಡು ಕೈಯಲ್ಲಿ ಎರಡು ಹಿಡಿ. ಆನೆಯಷ್ಟು ತೂಕದ ಉಕ್ಕಿನ ಡ್ರಮ್ಮನ್ನು ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಇಳಿಸುತ್ತಾಳೆ ಎಂದು ಶೆಡ್ಡಿನವರು ಹೇಳುತ್ತಿದ್ದರು.

ಕೆಳಗೆ ನಿಂತು ಆಕೆಗೆ ಸನ್ನೆ ತೋರಿಸುವವನನ್ನು ಸನ್ನೆಯಣ್ಣ ಎನ್ನುತ್ತಿದ್ದರು. ಸರಪಳಿ ಕಟ್ಟುವುದು, ಭಾರದ ಜೊತೆ ನಡೆಯುವುದು, ಕೈಯಲ್ಲೇ ಮಾತಾಡುವುದು ಅವನ ಪಾಲು. ತೋರುಬೆರಳು ಸುತ್ತಿಸಿದರೆ ಎತ್ತು. ಅಂಗೈ ಕೆಳಗೆ ಮಾಡಿ ತಟ್ಟಿದರೆ ಇಳಿಸು. ಹೆಬ್ಬೆರಳು ತೋರುಬೆರಳುಗಳನ್ನು ಚಿಮಟಿಗೆಯ ಹಾಗೆ ಹತ್ತಿರ ತಂದರೆ, ಬೆರಳ ನಡುವೆ ಎಷ್ಟು ಸಂದು ಉಳಿದಿದೆಯೋ ಅಷ್ಟೇ ಇಳಿಸು. ಎಷ್ಟೋ ವರ್ಷ ಹೀಗೆ ಜೊತೆಗೆ ದುಡಿದರೂ ಇಬ್ಬರೂ ಬಾಯಿಬಿಟ್ಟು ಆಡಿದ ಮಾತು ಕಡಿಮೆ. "ನನ್ನ ಹೆಂಡತಿಗಿಂತ ನನ್ನ ಕೈ ಚೆನ್ನಾಗಿ ಓದೋದು ಅಕ್ಕ ಒಬ್ಬಳೇ," ಎಂದು ಅವನು ಕ್ಯಾಂಟೀನಿನಲ್ಲಿ ಹೇಳಿ, ಅದು ಮನೆಗೆ ಮುಟ್ಟಿ, ಒಂದು ವಾರ ಊಟಕ್ಕೆ ಪರದಾಡಿದ್ದೂ ಉಂಟು.

ಇಂಥ ಕೆಲಸಕ್ಕೆ ಕಣ್ಣೇ ಬಂಡವಾಳ. ಆಕೆಯ ಕಣ್ಣಾದರೋ ಹುಟ್ಟಿನಿಂದಲೇ ಸೊಟ್ಟ ನೋಟದ್ದು. ಹಾಗಂತ ಮೊದಲು ಯಾರಿಗೂ ಗೊತ್ತಿರಲಿಲ್ಲ. ಶಾಲೆಯಲ್ಲಿ ಹಲಗೆಯ ಮೇಲಿನ ಅಕ್ಷರಗಳಿಗೆ ನೆರಳು ಅಂಟಿಕೊಂಡಿದೆ, ಗೆರೆಗಳು ಬಾಗಿವೆ ಎಂದು ಹುಡುಗಿ ದೂರಿದಾಗ ಮೇಷ್ಟ್ರು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ತರಗತಿಯನ್ನೆಲ್ಲ ನಗಿಸಿದ್ದರು. ಹುಡುಗಿ ನಗಲಿಲ್ಲ, ಅಳಲೂ ಇಲ್ಲ. ಕತ್ತು ಓರೆ ಮಾಡಿ, ಕಣ್ಣು ಕಿರಿದು ಮಾಡಿ ಓದುವುದನ್ನು ಕಲಿತಳು. ಮುಂದೆ ಶಾಲೆಗೇ ಬಂದು ಕಣ್ಣು ಪರೀಕ್ಷೆ ಮಾಡಿದವರು ದಪ್ಪ ಗಾಜಿನ ಕನ್ನಡಕ ಕೊಟ್ಟು, "ಇದು ಸಿಲಿಂಡರ್ ನಂಬರು, ಜಾಸ್ತಿ ಇದೆ," ಎಂದರು. ಕನ್ನಡಕ ಮೂಗಿನ ಮೇಲೆ ಚೂರು ವಾಲಿದರೂ ಲೋಕವೆಲ್ಲ ವಾಲುತ್ತಿತ್ತು. ಅದಕ್ಕೇ ಅದರ ಕಡ್ಡಿಗಳಿಗೆ ಎಲಾಸ್ಟಿಕ್ ಪಟ್ಟಿ ಕಟ್ಟಿ ತಲೆಯ ಹಿಂದೆ ಬಿಗಿದುಕೊಂಡಳು. ಆ ಪಟ್ಟಿ ಮದುವೆಯ ದಿನವೂ ಇತ್ತು.

ಕಾರ್ಖಾನೆಗೆ ಸೇರಿದ್ದು ಕಸ ಗುಡಿಸುವುದಕ್ಕೆ. ಊಟದ ಹೊತ್ತಿನಲ್ಲಿ ಕತ್ತೆತ್ತಿ ಕ್ರೇನನ್ನೇ ನೋಡುತ್ತಿದ್ದಳು. ಒಂದು ವರ್ಷ ಆಪರೇಟರ್ ಕೆಲಸಕ್ಕೆ ಯಾರು ಬೇಕಾದರೂ ಪರೀಕ್ಷೆ ಕೊಡಬಹುದು ಎಂದಾಗ ಆಕೆಯೂ ಕೆಲವು ವಾರ ತರಬೇತಿ ಪಡೆದು ಕೊಟ್ಟಳು. ಅಂಚಿನ ತನಕ ನೀರು ತುಂಬಿದ ಬಕೆಟ್ಟನ್ನು ಕೊಕ್ಕೆಗೆ ಹಾಕಿ, ಶೆಡ್ಡಿನ ಈ ಕೊನೆಯಿಂದ ಆ ಕೊನೆಗೆ ಒಯ್ದು, ನೀರು ಚೆಲ್ಲದೆ ಇಳಿಸಬೇಕು. ಗಂಡಸರ ಬಕೆಟ್ಟುಗಳು ಅರ್ಧ ದಾರಿಯಲ್ಲೇ ತುಳುಕಿದವು. ಆಕೆಯದು ಇಳಿದಾಗ ಕೆಳಗಿನ ಸಿಮೆಂಟು ಒಣಗಿಯೇ ಇತ್ತು.

ಈ ಕತೆಯನ್ನು ಊರಿಗೆಲ್ಲ ಹಂಚಿದವಳು ಆಕೆಯ ಅತ್ತೆ. ಅತ್ತೆ ಸೊಸೆಯನ್ನು ಎದುರಿಗೆ ಒಂದು ದಿನವೂ ಹೊಗಳಿದವಳಲ್ಲ. "ಉಪ್ಪು ಜಾಸ್ತಿ," "ಬಾಗಿಲು ಮೆಲ್ಲಗೆ ಹಾಕು," ಇಷ್ಟೇ. ಆದರೆ ಸೊಸೆ ಬೆನ್ನು ತಿರುಗಿಸಿದಳೋ ಇಲ್ಲವೋ, ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮೆಟ್ಟಿಲಲ್ಲಿ ಸಿಕ್ಕ ಅಪರಿಚಿತರ ಎದುರಲ್ಲಿ ಬಕೆಟ್ಟಿನ ಕತೆ ಶುರುವಾಗುತ್ತಿತ್ತು. ವರ್ಷ ಕಳೆದಂತೆ ಬಕೆಟ್ಟು ಡ್ರಮ್ಮಾಯಿತು, ಡ್ರಮ್ಮು ಟ್ಯಾಂಕಾಯಿತು. ಗಂಡ ಅಂಚೆಯವನು, ಮಾತು ಕಡಿಮೆ. "ಇನ್ನು ನಾಲ್ಕು ವರ್ಷ ತಡೀ, ಅಮ್ಮ ನಿನ್ನ ಕೈಲಿ ಸಮುದ್ರಾನೇ ಎತ್ತಿಸ್ತಾಳೆ," ಎಂದು ಹೆಂಡತಿಯ ಕಿವಿಯಲ್ಲಿ ಹೇಳುತ್ತಿದ್ದ.

ಆಕೆಗೆ ಐವತ್ತು ದಾಟಿ ಕೆಲವು ವರ್ಷ ಆಗಿತ್ತು. ಒಂದು ಚಳಿಗಾಲದಲ್ಲಿ ಗೂಡಿನ ಗಾಜು ಮಸುಕಾಗಿದೆ ಅನ್ನಿಸತೊಡಗಿತು. ಬೆಳಿಗ್ಗೆ ಬಂದವಳೇ ಬಟ್ಟೆ ಒದ್ದೆ ಮಾಡಿ ಒರೆಸಿದಳು. ಮಧ್ಯಾಹ್ನ ಮತ್ತೆ ಒರೆಸಿದಳು. ನೆಲದ ಮೇಲಿನ ಹಳದಿ ಗೆರೆ ಧೂಳು ಬಿದ್ದ ಹಾಗೆ ಕಾಣುತ್ತಿತ್ತು. ಬೆಸುಗೆಯ ಬೆಳಕಿಗೆ ನಾಲ್ಕೂ ಕಡೆ ಮೀಸೆ ಬೆಳೆದಿತ್ತು. ಗಾಜು ತಪ್ಪು ಮಾಡಿಲ್ಲ ಎಂದು ಮನಸ್ಸಿನ ಒಂದು ಮೂಲೆಗೆ ಗೊತ್ತಿತ್ತು. ಇನ್ನೊಂದು ಮೂಲೆ ಬಟ್ಟೆ ಒದ್ದೆ ಮಾಡುತ್ತಲೇ ಇತ್ತು.

ಒಂದು ದಿನ ದೊಡ್ಡ ಮುಚ್ಚಳವೊಂದನ್ನು ಇಳಿಸುವಾಗ ಸನ್ನೆಯಣ್ಣ ಚಿಮಟಿಗೆ ಬೆರಳು ತೋರಿಸಿದ. ಆಕೆಗೆ ಬೆರಳು ಕಂಡವು, ನಡುವಿನ ಸಂದು ಕಾಣಲಿಲ್ಲ. ಒಂದರ ಮೇಲೊಂದು ನೆರಳು ಬಿದ್ದು ಬೆರಳೆಲ್ಲ ಮುದ್ದೆಯಾಗಿತ್ತು. ಇಳಿಸು ಎಂದನೋ ನಿಲ್ಲಿಸು ಎಂದನೋ ತಿಳಿಯಲಿಲ್ಲ. ಆಕೆ ಹಿಡಿಯಿಂದ ಕೈ ತೆಗೆದಳು. ಬ್ರೇಕು ಹಿಡಿಯಿತು. ಜನರನ್ನೆಲ್ಲ ದೂರ ಸರಿಸುವಂತೆ ಗಂಟೆ ಹೊಡೆದಳು. ಆಮೇಲೆ ಮುಚ್ಚಳವನ್ನು ಪಕ್ಕದ ಖಾಲಿ ನೆಲಕ್ಕೆ ತಂದು, ಆತುರವಿಲ್ಲದೆ ಮರದ ದಿಮ್ಮಿಗಳ ಮೇಲೆ ಇಟ್ಟು, ಏಣಿ ಇಳಿದು ಬಂದಳು.

"ಯಾಕಕ್ಕಾ?" ಎಂದ ಸನ್ನೆಯಣ್ಣ. "ಸರಿಯಾಗೇ ಹೋಗ್ತಿತ್ತಲ್ಲ."

"ನಿನ್ನ ಬೆರಳು ನನಗೆ ಕಾಣಿಸಲಿಲ್ಲ," ಎಂದಳು. "ಕಾಣಿಸ್ತು ಅಂತ ನಾಟಕ ಮಾಡೋ ಕೆಲಸ ಇದಲ್ಲ."

ಅದೇ ಮಾತನ್ನು ಶೆಡ್ಡಿನ ಮ್ಯಾನೇಜರ ಕೋಣೆಗೆ ಹೋಗಿ ಆಕೆಯೇ ಹೇಳಿದಳು. ಯಾರೂ ಕಂಡುಹಿಡಿದಿರಲಿಲ್ಲ, ಯಾರೂ ದೂರಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂ ಕೆಲವು ತಿಂಗಳು ನಡೆಯುತ್ತಿತ್ತೇನೋ. ಮ್ಯಾನೇಜರು ಕೆಟ್ಟವರಲ್ಲ. "ಇಷ್ಟು ವರ್ಷ ದುಡಿದಿದ್ದೀರಿ. ಕೆಳಗೆ ಸ್ಟೋರಿನಲ್ಲಿ ಕೂತ್ಕೊಳ್ಳಿ. ನಿವೃತ್ತಿಗೆ ಇನ್ನೇನು ದೂರ ಇದೆ, ಆರಾಮಾಗಿ ಕಳೀರಿ," ಎಂದರು.

ಸ್ಟೋರಿನಲ್ಲಿ ಬೋಲ್ಟು, ವಾಷರು, ಗ್ರೀಸಿನ ಡಬ್ಬ, ತಿರುಗುವ ಕುರ್ಚಿ. ಕುರ್ಚಿ ಮೆತ್ತಗಿತ್ತು. ಆದರೆ ಗೋಡೆಯಾಚೆ ಕ್ರೇನ್ ಓಡುವ ಸದ್ದು ಬಿಡದೆ ಕೇಳುತ್ತಿತ್ತು. ಬೇರೆ ಶೆಡ್ಡಿನಿಂದ ಬಂದ ಬದಲಿ ಆಪರೇಟರ್ ಬ್ರೇಕನ್ನು ಗಕ್ಕನೆ ಹಾಕಿದಾಗಲೆಲ್ಲ ಯಾರೋ ತನ್ನ ಮಗುವಿನ ಜಡೆ ಎಳೆದ ಹಾಗೆ ಆಕೆಯ ಹಲ್ಲು ಜುಮ್ಮೆನ್ನುತ್ತಿತ್ತು.

ಕಣ್ಣಾಸ್ಪತ್ರೆಗೆ ಗಂಡ, ಅತ್ತೆ ಇಬ್ಬರೂ ಜೊತೆಗೆ ಬಂದರು. ಡಾಕ್ಟರು ಹೆಂಗಸು, ಸಣ್ಣ ಆಳು, ದೊಡ್ಡ ದನಿ. ಕಣ್ಣಿಗೆ ಹನಿ ಹಾಕಿ, ಯಂತ್ರದ ಮೇಲೆ ಗದ್ದ ಇಡಿಸಿ, ಎರಡೂ ಕಣ್ಣು ನೋಡಿ, ತಿರುಗಿ ಕೂತು ಹೇಳಿದರು. "ಎರಡೂ ಕಣ್ಣಲ್ಲಿ ಪೊರೆ ಬಂದಿದೆ. ತೆಗೆದು ಒಳಗೆ ಲೆನ್ಸ್ ಇಡ್ತೀವಿ. ಅದು ದಿನಾ ಮಾಡೋ ಕೆಲಸ. ಆದ್ರೆ ನಿಮ್ಮದರಲ್ಲಿ ಇನ್ನೊಂದು ವಿಷಯ ಇದೆ. ಕಣ್ಣಿನ ಮುಂದಿನ ಗಾಜು ಚೆಂಡಿನ ಹಾಗೆ ಎಲ್ಲಾ ಕಡೆ ಒಂದೇ ಸಮ ಗುಂಡಗಿರಬೇಕು. ನಿಮ್ಮದು ಮೊಟ್ಟೆಯ ಪಕ್ಕೆಯ ಹಾಗೆ, ಒಂದು ದಿಕ್ಕಿಗೆ ಜಾಸ್ತಿ ಬಾಗಿದೆ, ಅಡ್ಡ ದಿಕ್ಕಿಗೆ ಕಡಿಮೆ. ಅದೇ ನಿಮ್ಮ ಸಿಲಿಂಡರು."

"ಕಾರ್ಖಾನೆ ತುಂಬ ಇರೋ ಸಿಲಿಂಡರು ಸಾಲದು ಅಂತ ಕಣ್ಣೊಳಗೂ ಒಂದು," ಎಂದಳು ಅತ್ತೆ.

ಡಾಕ್ಟರು ನಕ್ಕು ಮುಂದುವರಿಸಿದರು. "ಸಾಮಾನ್ಯ ಲೆನ್ಸ್ ಇಟ್ರೆ ಮಂಜು ಹೋಗುತ್ತೆ, ಸೊಟ್ಟ ಹಾಗೇ ಉಳಿಯುತ್ತೆ. ದಪ್ಪ ಕನ್ನಡಕ ತಪ್ಪಲ್ಲ. ಟೋರಿಕ್ ಅಂತ ಇನ್ನೊಂದು ಬಗೆ ಇದೆ. ನಿಮ್ಮ ಕಣ್ಣು ಎತ್ತ ಬಾಗಿದೆಯೋ ಅದನ್ನ ಸರಿದೂಗಿಸೋ ಹಾಗೆ ಆ ಲೆನ್ಸನ್ನೇ ಬಾಗಿಸಿರ್ತಾರೆ. ಅಂಚಲ್ಲಿ ಸಣ್ಣ ಚುಕ್ಕೆಗಳಿರುತ್ತವೆ. ಆ ಚುಕ್ಕೆ ನಿಮ್ಮ ಕಣ್ಣಿನ ಬಾಗಿನ ಗೆರೆಗೆ ಸರಿಯಾಗಿ ಕೂರಬೇಕು. ಸ್ವಲ್ಪ ತಿರುಗಿದ್ರೂ ಲಾಭ ಕಡಿಮೆ, ತುಂಬಾ ತಿರುಗಿದ್ರೆ ಲಾಭವೇ ಇಲ್ಲ."

ಅಲ್ಲಿಯ ತನಕ ಸೆರಗಿನ ತುದಿ ಸುತ್ತುತ್ತ ಕೂತಿದ್ದವಳು ನೆಟ್ಟಗಾದಳು. "ಗುರುತಿಗೆ ಗುರುತು ಕೂರಿಸೋದು," ಎಂದಳು. "ಅದು ನನಗೆ ಅರ್ಥ ಆಗುತ್ತೆ. ಡಾಕ್ಟ್ರೇ, ಅದಾದ್ಮೇಲೆ ನಾನು ಮತ್ತೆ ಕ್ರೇನ್ ಹತ್ತಬಹುದಾ?"

"ಕಣ್ಣು ಒಪ್ಪಿದ್ರೆ ನಾನ್ಯಾಕೆ ಬೇಡ ಅನ್ನಲಿ? ಆದ್ರೆ ಮಾತು ಕೊಡಲ್ಲ. ಮೊದಲು ಅಳತೆ ತಗೊಳ್ಳೋಣ."

ಅಳತೆಯೇ ಒಂದು ದೊಡ್ಡ ಕತೆಯಾಯಿತು. ವರ್ಷಗಟ್ಟಲೆ ಬಿಸಿಗಾಳಿಯಲ್ಲಿ ಕೂತ ಕಣ್ಣು ಒಣಗಿತ್ತು. ಒಂದು ಯಂತ್ರ ಹೇಳಿದ್ದನ್ನು ಇನ್ನೊಂದು ಯಂತ್ರ ಒಪ್ಪಲಿಲ್ಲ. ಕಣ್ಣಿಗೆ ಹನಿ ಹಾಕಿಕೊಂಡು ಕೆಲವು ವಾರ ಬಿಟ್ಟು ಬನ್ನಿ ಎಂದು ಡಾಕ್ಟರು ಕಳಿಸಿದರು. ಅಂಚೆಯವನು ಮನೆ ಮನೆಗೆ ಕಾಗದ ಹಂಚುವ ಶಿಸ್ತಿನಲ್ಲೇ ಹೆಂಡತಿಯ ಕಣ್ಣಿಗೆ ಹನಿ ಹಂಚಿದ. ಮತ್ತೆ ಹೋದಾಗ ಯಂತ್ರಗಳು ಜಗಳ ಬಿಟ್ಟಿದ್ದವು.

ಮೊದಲ ಕಣ್ಣಿನ ಆಪರೇಷನ್ನಿನ ಬೆಳಿಗ್ಗೆ ಮಲಗಿಸುವ ಮೊದಲು ಆಕೆಯನ್ನು ನೆಟ್ಟಗೆ ಕೂರಿಸಿ, ದೂರದ ಒಂದು ಚುಕ್ಕೆ ನೋಡಲು ಹೇಳಿ, ಡಾಕ್ಟರು ಕಣ್ಣಿನ ಅಂಚಿಗೆ ನೀಲಿ ಶಾಯಿಯಲ್ಲಿ ಗುರುತು ಹಾಕಿದರು. "ಮಲಗಿದಾಗ ಕಣ್ಣು ಗುಡ್ಡೆ ಒಂಚೂರು ಹೊರಳುತ್ತೆ. ಅದಕ್ಕೇ ಕೂತಾಗಲೇ ಗುರುತು," ಎಂದರು. ಆಮೇಲೆ ಮೇಲೆ ಬಿಳಿ ದೀಪ, ಕಿವಿಯಲ್ಲಿ ಗುಂಯ್ ಎನ್ನುವ ಸಣ್ಣ ಸದ್ದು, ಕಣ್ಣ ಮೇಲೆ ನೀರು ಹರಿದ ತಂಪು. ನೋವಿರಲಿಲ್ಲ. ಬಣ್ಣದ ಮೋಡಗಳು ಒಡೆದು ಚೂರಾಗಿ ಹೋದದ್ದು ಕಂಡಿತು. "ಲೆನ್ಸ್ ಒಳಗೆ ಬಂತು. ಈಗ ತಿರುಗಿಸ್ತಿದ್ದೀನಿ. ಅಲ್ಲಾಡಬೇಡಿ," ಎಂಬ ದನಿ ಕೇಳಿತು. ಆಕೆ ಉಸಿರನ್ನೂ ಅಳೆದು ಬಿಟ್ಟಳು. ಕೊಕ್ಕೆಯ ಕೊನೆಯಲ್ಲಿ ಭಾರ ಇರುವಾಗ ಸುಮ್ಮನಿರುವುದು ಹೇಗೆಂದು ಆಕೆಗೆ ಯಾರೂ ಕಲಿಸಬೇಕಿರಲಿಲ್ಲ.

ಮರುದಿನ ಪಟ್ಟಿ ಬಿಚ್ಚಿದಾಗ ಬೆಳಕು ಬೆಳ್ಳಗಿತ್ತು. ಗಂಡನ ಅಂಗಿ ಬೂದು ಬಣ್ಣದ್ದು ಎಂದುಕೊಂಡಿದ್ದಳು, ನೋಡಿದರೆ ತಿಳಿನೀಲಿ. ಎಲ್ಲರಿಗೂ ಸಂತೋಷ. ಆದರೆ ಮನೆಗೆ ಬಂದು ಕಿಟಕಿಯ ಬಳಿ ಕೂತು ಎದುರು ಮನೆಯ ಮೊದಲ ಮಹಡಿಯ ಕಂಬಿಗಳನ್ನು ನೋಡಿದಳು. ಪ್ರತಿ ಕಂಬಿಯ ಬೆನ್ನಿಗೂ ತೆಳ್ಳನೆ ನೆರಳು. ಶಾಲೆಯ ಹಲಗೆಯ ಅಕ್ಷರಗಳಿಗೆ ಇದ್ದಂಥದೇ ನೆರಳು. ನಾಳೆ ಹೋದೀತು ಎಂದು ಕಾದಳು. ನಾಳೆಯೂ ಹೋಗಲಿಲ್ಲ.

ಹೇಳಿದರೆ ಎಲ್ಲರ ಮುಖ ಸಣ್ಣಗಾಗುತ್ತದೆ, ಹೇಳದಿದ್ದರೆ ತನಗೆ ತಾನೇ ನಾಟಕ ಮಾಡಿದ ಹಾಗೆ. ಗಂಡ ಹನಿ ಹಾಕಲು ಬಂದಾಗ, "ನಡೀರಿ, ಆಸ್ಪತ್ರೆಗೆ ಹೋಗಿ ಬರೋಣ. ಎಲ್ಲೋ ಸರಿಯಾಗಿ ಕೂತಿಲ್ಲ," ಎಂದಳು.

ಡಾಕ್ಟರು ತುಂಬ ಹೊತ್ತು ಯಂತ್ರದಲ್ಲಿ ನೋಡಿದರು. ಎದ್ದು ಬಂದು ಆಕೆಯ ಎದುರಿಗೇ ಕುರ್ಚಿ ಎಳೆದುಕೊಂಡರು. "ನೀವು ಹೇಳಿದ್ದು ಸರಿ. ನಾನು ಕೂರಿಸಿದ ಜಾಗದಲ್ಲಿ ಲೆನ್ಸ್ ನಿಂತಿಲ್ಲ, ತಿರುಗಿದೆ. ಅಪರೂಪಕ್ಕೆ ಹೀಗಾಗುತ್ತೆ, ನಿಮಗಾಯ್ತು. ಮತ್ತೆ ಒಳಗೆ ಹೋಗಿ ಗುರುತಿಗೆ ತರಬೇಕು. ಬೇಗ ಮಾಡಿದಷ್ಟೂ ಸುಲಭ. ಬೇಡ ಅಂದ್ರೆ ಕನ್ನಡಕ ಹಾಕ್ಕೊಂಡು ನಡೆಸಬಹುದು. ತೀರ್ಮಾನ ನಿಮ್ಮದು."

ಅತ್ತೆಗೆ ಸಿಟ್ಟು ನೆತ್ತಿಗೇರಿತು. "ಮೊದಲೇ ಸರಿಯಾಗಿ ಕೂರಿಸೋಕೆ ಏನಾಗಿತ್ತಮ್ಮಾ? ಇವಳ ಕಣ್ಣೇನು ಬಾಗಿಲ ಚಿಲಕಾನಾ, ಬಂದೋರೆಲ್ಲ ತಿರುಗಿಸೋಕೆ?"

"ಅತ್ತೆ, ಸ್ವಲ್ಪ ತಡೀರಿ," ಎಂದಳು ಸೊಸೆ. "ನಾನು ಇಳಿಸಿದ ಡ್ರಮ್ಮೆಲ್ಲ ಒಂದೇ ಸಲಕ್ಕೆ ಕೂತಿದೆ ಅಂದ್ಕೊಂಡಿದ್ದೀರಾ? ಎಷ್ಟೋ ಸಲ ಎತ್ತಿ ಮತ್ತೆ ಕೂರಿಸಿದ್ದೀನಿ. ಕೂತಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರಲ್ಲ, ನನಗೆ ಅಷ್ಟು ಸಾಕು." ಆಮೇಲೆ ಡಾಕ್ಟರ ಕಡೆ ತಿರುಗಿದಳು. "ಎತ್ತಿ ಕೂರಿಸಿ."

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದಳು. ಬಾಗಿಲಾಚೆ ಬಂದ ಮೇಲೆ ಮಗನಿಗೆ ಪಿಸುಗುಟ್ಟಿದಳು. "ನಿನ್ನ ಹೆಂಡ್ತಿ ಧೈರ್ಯಕ್ಕೆ ಮೆಚ್ಚಬೇಕು ಕಣೋ. ಅವಳಿಗೆ ಹೇಳಬೇಡ."

ಎರಡನೆಯ ಸಲ ಕೆಲಸ ಚಿಕ್ಕದಾಗಿತ್ತು. ಮರುದಿನ ಬೆಳಿಗ್ಗೆ ಎದ್ದವಳೇ ಕಿಟಕಿಗೆ ಹೋದಳು. ಎದುರು ಮನೆಯ ಕಂಬಿಗಳು ಒಂದೊಂದೂ ಒಂದೊಂದೇ ಆಗಿ, ಈಗತಾನೆ ಕೊರೆದಿಟ್ಟ ಹಾಗೆ ನಿಂತಿದ್ದವು. ಒಂದು ಕಂಬಿಯ ಬುಡದಲ್ಲಿ ಬಣ್ಣ ಕಿತ್ತು ತುಕ್ಕು ಬಂದಿತ್ತು. ಆ ತುಕ್ಕನ್ನು ನೋಡಿ ಆಕೆಗೆ ಕಣ್ಣು ತುಂಬಿಬಂತು. ಅಳಬಾರದು, ಕಣ್ಣು ಉಜ್ಜಬಾರದು ಎಂದು ಹೇಳಿದ್ದರು. ಮೂಗೆಳೆದುಕೊಂಡು ನಿಂತಳು. ಕನ್ನಡಕವಿಲ್ಲ, ಎಲಾಸ್ಟಿಕ್ ಪಟ್ಟಿಯಿಲ್ಲ, ಕತ್ತು ಓರೆಯಿಲ್ಲ. ಹುಟ್ಟಿದಾಗಿನಿಂದ ಹೀಗೆ ನೋಡಿದ್ದು ಇದೇ ಮೊದಲು.

ಅತ್ತೆ ಟೀ ಲೋಟ ಹಿಡಿದು ಎದುರಿಗೆ ಬಂದಳು. ಸೊಸೆ ದಿಟ್ಟಿಸಿ ನೋಡಿ, "ಅತ್ತೆ, ನಿಮ್ಮ ಮುಖದಲ್ಲಿ ಇಷ್ಟೊಂದು ಸುಕ್ಕಿದೆ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದಳು.

"ಹಾಗಾದ್ರೆ ಹೋಗಿ ಆ ಪೊರೆ ವಾಪಸ್ ಹಾಕಿಸ್ಕೊಂಡು ಬಾ," ಎಂದು ಅತ್ತೆ ಲೋಟ ಕುಕ್ಕಿದಳು. ಗಂಡ ನಕ್ಕು ನಕ್ಕು ಕೆಮ್ಮಿದ.

ಮುಂದೆ ಇನ್ನೊಂದು ಕಣ್ಣಿಗೂ ಮಾಡಿದರು. ಅದು ಮೊದಲ ಸಲಕ್ಕೇ ನಿಂತಿತು. ಭಾರ ಎತ್ತಬಾರದು, ಧೂಳಿಗೆ ಹೋಗಬಾರದು ಎಂದ ದಿನಗಳನ್ನೆಲ್ಲ ಅಂಚೆಯವನ ಕಾವಲಿನಲ್ಲಿ ಕಳೆದಳು. ಬಕೆಟ್ಟು ಮುಟ್ಟಿದರೆ ಅವನು ಓಡಿಬರುತ್ತಿದ್ದ. "ಟನ್ನುಗಟ್ಟಲೆ ಎತ್ತೋಳಿಗೆ ಚೊಂಬು ಎತ್ತೋಕೂ ಬಿಡಲ್ಲ ನನ್ನ ಮಗ," ಎಂದು ಅತ್ತೆ ಪಕ್ಕದ ಮನೆಗೆ ವರದಿ ಒಪ್ಪಿಸಿದಳು. ಹತ್ತಿರದ ಓದಿಗೆ ಮಾತ್ರ ಒಂದು ತೆಳು ಕನ್ನಡಕ ಬೇಕಾಯಿತು. ಅದನ್ನು ಪತ್ರಿಕೆ ಓದುವಾಗ ಹಾಕಿಕೊಂಡು, ಮುಗಿದ ಕೂಡಲೇ ತೆಗೆದಿಡುತ್ತಿದ್ದಳು, ಯಾರದೋ ಸಾಮಾನು ಎರವಲು ತಂದವಳ ಹಾಗೆ.

ಡಾಕ್ಟರ ಒಪ್ಪಿಗೆ ಸಿಕ್ಕ ಮೇಲೆ ಮ್ಯಾನೇಜರ ಎದುರು ನಿಂತಳು. ಅವರು ಗೊಂದಲದಲ್ಲಿ ಪೆನ್ನು ತಿರುಗಿಸಿದರು. "ಸ್ಟೋರು ಬೇಜಾರಾಯ್ತಾ? ಯಾರೂ ನಿಮ್ಮನ್ನ ಹತ್ತು ಅಂತ ಕೇಳ್ತಿಲ್ಲವಲ್ಲ."

"ಇಳಿ ಅಂತಾನೂ ಯಾರೂ ಕೇಳಿರಲಿಲ್ಲ ಸಾರ್," ಎಂದಳು. "ಕಣ್ಣು ಸರಿ ಇಲ್ಲ ಅಂತ ನಾನೇ ಬಂದು ಹೇಳಿದೆ. ಈಗ ಸರಿ ಇದೆ ಅಂತಾನೂ ನಾನೇ ಹೇಳ್ತಿದ್ದೀನಿ. ಪರೀಕ್ಷೆ ಮಾಡಿ."

ಮಾಡಿದರು. ಕಾರ್ಖಾನೆಯ ಡಾಕ್ಟರು ದೂರದ ಅಕ್ಷರ, ಬಣ್ಣದ ಚುಕ್ಕಿ, ಆಳ ಅಂದಾಜು ಎಲ್ಲ ನೋಡಿ, ಚೀಟಿಗೆ ಸಹಿ ಹಾಕಿದರು. ಆಮೇಲೆ ಮ್ಯಾನೇಜರು ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆಸಿ, ತೂಕದ ಕಲ್ಲನ್ನು ಅದರೊಳಗೆ ಇಳಿಸಲು ಹೇಳಿದರು. ಕಲ್ಲು ಗೆರೆಯನ್ನು ಮುಟ್ಟಲಿಲ್ಲ.

ಆಕೆ ಮತ್ತೆ ಗೂಡು ಸೇರಿ ಒಂದೆರಡು ತಿಂಗಳಾಗಿತ್ತು. ಆ ಕಾರ್ಖಾನೆ ಅಲ್ಲಿಯ ತನಕ ಮಾಡಿದ್ದರಲ್ಲೇ ದೊಡ್ಡ ಬಾಯ್ಲರು ತಯಾರಾಯಿತು. ಅದರ ಡ್ರಮ್ಮನ್ನು ಚೌಕಟ್ಟಿನ ಮೇಲೆ ಕೂರಿಸುವ ದಿನ ಮನೆಯವರೂ ಬಂದು ನೋಡಬಹುದು ಎಂದರು. ಹಳದಿ ಗೆರೆಯಾಚೆ ಹೆಲ್ಮೆಟ್ಟು ಹಾಕಿಕೊಂಡ ಜನ. ಅತ್ತೆಗೆ ಹೆಲ್ಮೆಟ್ಟು ದೊಡ್ಡದಾಗಿ ಹುಬ್ಬಿನ ತನಕ ಇಳಿದಿತ್ತು. ಕೂರಲು ಕುರ್ಚಿ ಕೊಟ್ಟರೂ ಕೂರಲಿಲ್ಲ.

ಸನ್ನೆಯಣ್ಣ ಬೆರಳು ಸುತ್ತಿಸಿದ. ಸರಪಳಿಗಳು ಬಿಗಿದು ಕಿರುಗುಟ್ಟಿದವು. ಡ್ರಮ್ಮು ನೆಲ ಬಿಟ್ಟಿತು. ಆಕೆ ಅದನ್ನು ಶೆಡ್ಡಿನ ಉದ್ದಕ್ಕೂ ತೂಗದಂತೆ ನಡೆಸಿಕೊಂಡು ಬಂದಳು. ಅದು ತೂಗಾಡಬಹುದು ಅನ್ನಿಸಿದ ಕಡೆ ತೊಲೆಯನ್ನೇ ಅದರ ಮೇಲಕ್ಕೆ ಒಯ್ದು ಸಮಾಧಾನ ಮಾಡಿದಳು. ಚೌಕಟ್ಟಿನ ಮೇಲೆ ಬಂತು. ಕೆಳಗೆ ನೆಟ್ಟಗೆ ನಿಂತ ಬೋಲ್ಟುಗಳು, ಡ್ರಮ್ಮಿನ ಪಾದದಲ್ಲಿ ತೂತುಗಳು. ಸನ್ನೆಯಣ್ಣ ಚಿಮಟಿಗೆ ಬೆರಳು ಎತ್ತಿದ.

ಮೇಲಿನಿಂದ ಆಕೆಗೆ ಆ ಎರಡು ಬೆರಳು ಕಂಡವು, ನಡುವಿನ ಬೆಳಕಿನ ಗೆರೆ ಕಂಡಿತು, ಹೆಬ್ಬೆರಳಿನ ಉಗುರಿನಲ್ಲಿ ಸಿಕ್ಕಿಕೊಂಡ ಗ್ರೀಸೂ ಕಂಡಿತು. ಅಷ್ಟು ಇಳಿಸಿದಳು. ಬೆರಳು ಇನ್ನಷ್ಟು ಹತ್ತಿರವಾದವು. ಅಷ್ಟು ಇಳಿಸಿದಳು. ಬೋಲ್ಟುಗಳು ತೂತುಗಳ ಮೂಲಕ ಎಲ್ಲ ಒಟ್ಟಿಗೆ, ಮೆಲ್ಲಗೆ ತಲೆ ಎತ್ತಿದವು. ಸರಪಳಿ ಸಡಿಲವಾಯಿತು. ಸನ್ನೆಯಣ್ಣ ಮುಷ್ಟಿ ಕಟ್ಟಿ ನಿಂತ: ಮುಗಿಯಿತು. ಆಮೇಲೆ ಯಾವ ಸನ್ನೆಯ ಪಟ್ಟಿಯಲ್ಲೂ ಇಲ್ಲದ ಒಂದು ಸನ್ನೆ ಮಾಡಿದ. ಹೆಲ್ಮೆಟ್ಟು ತೆಗೆದು ಎದೆಗೆ ಒತ್ತಿ ಹಿಡಿದ.

ಜನ ಚಪ್ಪಾಳೆ ತಟ್ಟಿದರು. ಅತ್ತೆ ತಟ್ಟಲಿಲ್ಲ. ಆಕೆ ಏಣಿ ಇಳಿದು ಬರುವ ತನಕ ಕಾದು, ಎಲ್ಲರೆದುರಿಗೆ ಸೊಸೆಯ ಎರಡೂ ಕೈ ಹಿಡಿದು, "ಚೆನ್ನಾಗಿ ಕೂರಿಸಿದೆ ಮಗಳೇ," ಎಂದಳು. ಇಷ್ಟು ವರ್ಷದಲ್ಲಿ ಎದುರಿಗೆ ಹೇಳಿದ್ದು ಅದೇ ಮೊದಲು. ಸೊಸೆ ಅತ್ತೆಯ ಹೆಲ್ಮೆಟ್ಟನ್ನು ಹುಬ್ಬಿನಿಂದ ಮೇಲೆ ಸರಿಸಿದಳು.

ಆ ಬಾಯ್ಲರಾದ ಮೇಲೆ ಆಕೆ ಇನ್ನೂ ಅನೇಕ ಭಾರ ಇಳಿಸಿದಳು. ಬದಲಿ ಆಪರೇಟರನ್ನು ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡು, ಬ್ರೇಕಿಗೆ ಮೊದಲು ಕೈ ಹೇಗೆ ಸಡಿಲ ಬಿಡಬೇಕೆಂದು ಕಲಿಸಿದಳು. ಅವನ ಕೈ ಪಳಗಿದ್ದು ಸದ್ದಿನಲ್ಲೇ ಗೊತ್ತಾದ ದಿನ ಕುರ್ಚಿ ಬಿಟ್ಟು ಎದ್ದು ಅವನನ್ನು ಕೂರಿಸಿ, ಊಟದ ಡಬ್ಬ ಹಿಡಿದು ಕೆಳಗಿಳಿದಳು. ನಿವೃತ್ತಿಗೆ ಆಗ ಒಂದು ವಾರ ಬಾಕಿಯಿತ್ತು. ಆ ವಾರವೆಲ್ಲ ಸನ್ನೆಯಣ್ಣನ ಪಕ್ಕ ನೆಲದ ಮೇಲೆ ನಿಂತು, ತಾನು ಅಷ್ಟು ವರ್ಷ ನಡೆಸಿದ ಕ್ರೇನು ಕೆಳಗಿನಿಂದ ಹೇಗೆ ಕಾಣುತ್ತದೆ ಎಂದು ಬರಿಗಣ್ಣಿನಲ್ಲಿ ನೋಡಿದಳು.